ತಿಪಾಯಿಯ ಕೆಳಹಲಗೆಯ ಮಹಾಗ್ರಂಥ

ನಾನು ಹುಟ್ಟಿದ ದಿನ ಹುಬ್ಬಳ್ಳಿಯಲ್ಲಿ ಭೂಮಿ ನಡುಗಿತು. ಅದು ಭೂಮಿಯಲ್ಲ, ಛಾಪಖಾನೆಯ ಮುದಿ ಯಂತ್ರ ಎಂದು ಹೊಟ್ಟೆಕಿಚ್ಚಿನವರು ಹೇಳುತ್ತಾರೆ, ಹೇಳಿಕೊಳ್ಳಲಿ. ನಾನೊಂದು ಪುಸ್ತಕ. ನನ್ನನ್ನು ಬರೀ ಪುಸ್ತಕ ಎನ್ನುವುದು ಆನೆಯನ್ನು ಬರೀ ಜಾನುವಾರು ಎಂದಂತೆ. ನನ್ನ ಹೆಸರು ‘ಪರಲೋಕ ಸಂಭಾಷಣೆಯ ಇತಿಹಾಸ’. ಸತ್ತವರ ಜೊತೆ ಮಾತಾಡಬಹುದು ಎಂದು ಮನುಷ್ಯ ಯಾವಾಗಿನಿಂದ ನಂಬಿದ, ಎಲ್ಲೆಲ್ಲಿ ಹೇಗೆ ಹೇಗೆ ನಂಬಿದ ಎಂಬುದೆಲ್ಲ ನನ್ನ ಹೊಟ್ಟೆಯಲ್ಲಿದೆ. ಪಿಂಡವಿಟ್ಟು ಕಾಗೆಯ ದಾರಿ ಕಾಯುವವರು ನನ್ನ ಮೊದಲ ಅಧ್ಯಾಯದಲ್ಲಿದ್ದಾರೆ. ಕತ್ತಲೆ ಕೋಣೆಯಲ್ಲಿ ಪ್ರೇತ ಕರೆದು ಮೇಜು ಬಡಿಯುವ ವಿಲಾಯತಿಯ ದೊರೆಸಾನಿಯರು ಕೊನೆಯ ಅಧ್ಯಾಯದಲ್ಲಿದ್ದಾರೆ. ನನ್ನನ್ನು ಒಂದು ಕೈಯಲ್ಲಿ ಎತ್ತಿದವನ ಮಣಿಕಟ್ಟು ಉಳುಕದೆ ಇದ್ದದ್ದಿಲ್ಲ.

ನನ್ನನ್ನು ಬರೆದವರು ವಾಮನಾಚಾರ್ಯ ತಡಕೋಡ ಎಂಬ ತರ್ಕದ ಮಾಸ್ತರರು. ಅವರಿಗೆ ದೆವ್ವ ಭೂತಗಳಲ್ಲಿ ಎಳ್ಳಷ್ಟೂ ನಂಬಿಕೆ ಇರಲಿಲ್ಲ. ಆದರೆ ಅವರು ಹಳೇ ಪಾಠಶಾಲೆಯಲ್ಲಿ ಕಲಿತವರು. ಎದುರಾಳಿಯ ವಾದವನ್ನು ಮುರಿಯುವ ಮೊದಲು ಅದನ್ನು ಎದುರಾಳಿಗಿಂತ ಚೆನ್ನಾಗಿ ಹೇಳಬೇಕು, ಅದೇ ಪೂರ್ವಪಕ್ಷ. ಆಮೇಲೆ ನಿಧಾನವಾಗಿ ಅದರ ಕತ್ತು ಹಿಚುಕಬೇಕು, ಅದು ಸಿದ್ಧಾಂತ. ಹೀಗಾಗಿ ಮೊದಲ ಸಂಪುಟವಾದ ನಾನು ಪೂರ್ತಿ ಪೂರ್ವಪಕ್ಷ. ದೆವ್ವವೇ ಕೂತು ಬರೆದಿದ್ದರೂ ದೆವ್ವದ ಪರವಾಗಿ ಇಷ್ಟು ಚೆನ್ನಾಗಿ ಬರೆಯುತ್ತಿರಲಿಲ್ಲ.

ಅವರ ಹೆಂಡತಿ ಕರಡು ಓದಿ ಹೇಳಿದರು: “ಇದನ್ನ ಓದಿದವರು ನೀವ ದೆವ್ವಾ ನಂಬ್ತೀರಿ ಅಂತ ತಿಳ್ಕೋತಾರ.”

“ಎರಡನೇ ಸಂಪುಟ ಬರೂತನಕ ತಿಳ್ಕೊಳ್ಳಲಿ,” ಎಂದರು ಆಚಾರ್ಯರು.

ಆದರೂ ನಾಲಿಗೆಯ ತುರಿಕೆ ತಡೆಯಲಾಗಲಿಲ್ಲ. ಪುಟದ ಬುಡದಲ್ಲಿ ಇರುವೆಯ ಕಾಲಿನಂಥ ಅಕ್ಷರಗಳಲ್ಲಿ ಅಡಿಟಿಪ್ಪಣಿ ಹಾಕಿದರು. ಮೇಲಿನ ದೊಡ್ಡ ಸಾಲುಗಳಲ್ಲಿ ಪ್ರೇತ ಬಂದು ಮೇಜು ಬಡಿಯುತ್ತದೆ. ಕೆಳಗಿನ ಸಣ್ಣ ಸಾಲುಗಳಲ್ಲಿ ಅದೇ ಪ್ರೇತದ ಕಾಲಿನ ಹೆಬ್ಬೆರಳು ಸಿಕ್ಕಿಬೀಳುತ್ತದೆ. ಎರಡನೇ ಸಂಪುಟದ ಮೊದಲ ಪುಟ ಬರೆಯುವ ಮೊದಲೇ ಆಚಾರ್ಯರು ತೀರಿಕೊಂಡರು. ವೈಕುಂಠ ಸಮಾರಾಧನೆಯ ಊಟ ಮುಗಿಸಿ ಅವರ ಅಭಿಮಾನಿಗಳು ಮೇಜಿನ ಸುತ್ತ ಕೂತು, ನನ್ನನ್ನು ನಡುವೆ ಇಟ್ಟುಕೊಂಡು, ಆಚಾರ್ಯರ ಪ್ರೇತವನ್ನು ಕರೆದರು. ಬಂದರು. “ನೀವ ಪುಸ್ತಕದಾಗ ಬರದದ್ದೆಲ್ಲಾ ಖರೆ ಏನ್ರಿ?” ಎಂದು ಕೇಳಿದಾಗ ಹೌದೆಂದು ಬಡಿದರು. ಬದುಕಿಡೀ ಇಲ್ಲ ಎಂದವನ ಬಾಯಲ್ಲಿ ಸತ್ತ ಹದಿಮೂರನೆಯ ದಿನಕ್ಕೇ ಹೌದು ಅನ್ನಿಸಿದರು. ನಾನು ನಕ್ಕ ನಗೆಗೆ ನನ್ನ ಹೊಲಿಗೆ ಸಡಿಲಾಯಿತು.

ಆಮೇಲೆ ಒಬ್ಬ ವಕೀಲರ ಗಾಜಿನ ಕಪಾಟಿನಲ್ಲಿ ಕೂತೆ. ಅವರು ನನ್ನ ಬೆನ್ನಿನ ಬಂಗಾರದ ಅಕ್ಷರ ನೋಡಿ ಕೊಂಡವರು. ನನ್ನ ಹಾಳೆಗಳ ಮಡಿಕೆಯನ್ನೂ ಕತ್ತರಿಸಲಿಲ್ಲ. ಅಲ್ಲಿಂದ ನನ್ನನ್ನು ಓದಲು ಎರವಲು ಒಯ್ದು ಹಿಂದಿರುಗಿಸದೆ ಇಟ್ಟುಕೊಂಡವರು ಧಾರವಾಡದ ನಿವೃತ್ತ ಶಿರಸ್ತೇದಾರ ಬಿಂದೂರಾವ್ ಹೆಬಸೂರ. ಅವರು ಅಡಕೊತ್ತಿನಿಂದ ನನ್ನ ಮಡಿಕೆ ಸೀಳಿದರು, ಕನ್ನಡಕದ ಮೇಲೆ ಭೂತಗನ್ನಡಿ ಹಿಡಿದು ಅಡಿಟಿಪ್ಪಣಿಗಳನ್ನು ಓದಿದರು. ಮೂರು ಲೋಕದಲ್ಲಿ ನನ್ನನ್ನು ಬುಡದಿಂದ ಓದಿದ ಮೊದಲಿಗ ಆತ. ಒಳ್ಳೆಯ ಓದುಗ ಒಳ್ಳೆಯ ಮನುಷ್ಯನಾಗಿರಬೇಕೆಂದು ಯಾವ ಶಾಸ್ತ್ರದಲ್ಲಿಯೂ ಹೇಳಿಲ್ಲ.

ಆ ಮನೆಯಲ್ಲಿ ಮೂವರಿದ್ದರು. ಬಿಂದೂರಾಯರು, ಅವರ ಹೆಂಡತಿ ಅಂಬಕ್ಕ, ಸೊಸೆ ಕುಮುದಿನಿ. ಇದ್ದೊಬ್ಬ ಮಗ ಶ್ರೀಪಾದ ಹಿಂದಿನ ವರ್ಷ ವಿಷಮಶೀತ ಜ್ವರದಲ್ಲಿ ಹೋಗಿದ್ದ. ಕುಮುದಿನಿ ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುತ್ತಿದ್ದಳು. ತವರಿನಲ್ಲಿ ಅವಳಿಗೆ ಯಾರೂ ಇರಲಿಲ್ಲ, ಹೊರಗೋಡೆ ಸಹ ಉಳಿದಿರಲಿಲ್ಲ. ಅದೇ ಶಾಲೆಯ ಚಿತ್ರಕಲೆಯ ದತ್ತು ಮಾಸ್ತರ ಅವಳನ್ನು ಮದುವೆಯಾಗುತ್ತೇನೆಂದು ಕೇಳಿದ್ದ. ಅವಳು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ, ಬಂದು ಅತ್ತೆಗೆ ಹೇಳಿದಳು. ಅಂಬಕ್ಕ ಒಂದು ರಾತ್ರಿ ಅತ್ತು, ಬೆಳಿಗ್ಗೆ ಪೇಟೆಗೆ ಹೋಗಿ ಒಂದು ಡಬ್ಬಿ ಹಸಿರು ಬಳೆ ತಂದು ಸೊಸೆಯ ಮುಂದಿಟ್ಟಳು.

“ನನ್ನ ಮಗಳಿದ್ದಿದ್ರ ಕಟ್ಟಿ ಕೂಡಿಸ್ತಿದ್ನೇನು,” ಎಂದಳು. “ಹೋಗವಾ. ಆದ್ರ ಅಮಾಸಿಗೆ ಹುಣ್ಣಿವಿಗೆ ಮಾರಿ ತೋರಿಸಿ ಹೋಗು.”

ಇದು ಬಿಂದೂರಾಯರಿಗೆ ಸರಿ ಬರಲಿಲ್ಲ. ಹೆಂಡತಿ ಒಪ್ಪಿದ ಮಾತಿಗೆ ಎದುರಾಡುವ ಎದೆಗಾರಿಕೆಯೂ ಇರಲಿಲ್ಲ. ತಮ್ಮ ಗೆಳೆಯ, ಪೋಸ್ಟಮಾಸ್ತರ ರಾಘಪ್ಪನ ಹತ್ತಿರ ಗೋಳಿಟ್ಟರು: “ಅಕಿ ಹೋದ್ರ ನನಗ ಬಿಸಿ ಭಕ್ಕರಿ ಯಾರ ಬಡೀಬೇಕೋ? ಇಕಿ ಮೊಣಕಾಲು ಹಿಡಕೊಂಡ ಕೂತಾಳ.” ನೋಡಿ, ಪರಲೋಕದ ಬಾಗಿಲು ಭೂಲೋಕದಲ್ಲಿ ತೆರೆಯುವುದು ಇಂಥ ಕಾರಣಕ್ಕೆ. ನನ್ನ ಅಷ್ಟೂ ಅಧ್ಯಾಯಗಳಲ್ಲಿ ಒಂದು ಜೋಳದ ಭಕ್ಕರಿಯಷ್ಟು ಗಟ್ಟಿಯಾದ ಕಾರಣ ಇನ್ನೊಂದಿಲ್ಲ.

ಮೂರು ಕಾಲಿನ ಒಂದು ತಿಪಾಯಿ ಬಂತು. ಹಾಲವಾಣದ ಕಟ್ಟಿಗೆ, ಉಸಿರು ಬಿಟ್ಟರೆ ಹಾರುವಷ್ಟು ಹಗುರ. ಮೇಲಿನ ಹಲಗೆಯ ಮೇಲೆ ಕೈಯಿಡುವುದು. ಕೆಳಗಿನ ಸಣ್ಣ ಹಲಗೆಯ ಮೇಲೆ ಕುಂಕುಮ ಹಚ್ಚಿಸಿಕೊಂಡು ನಾನು. ಪ್ರತಿ ಗುರುವಾರ ದೀಪ ಹಚ್ಚಿದ ಮೇಲೆ ಬೈಠಕ್ಕು. ಮನೆಯ ಮೂವರು, ಜೊತೆಗೆ ರಾಘಪ್ಪ, ನಾಲ್ವರೂ ಕುರ್ಚಿಯಲ್ಲಿ ಕೂತು ಅಂಗೈ ಊರಿ ಕಣ್ಣು ಮುಚ್ಚುವರು. ನಿಯಮಗಳನ್ನು ನನ್ನ ದೊಡ್ಡ ಅಕ್ಷರಗಳಿಂದ ಬಿಂದೂರಾಯರು ಓದಿ ಹೇಳಿದ್ದರು: ಒಂದು ಬಡಿತ ಹೌದು. ಎರಡು ಬಡಿತ ಇಲ್ಲ, ಬೇಡ. ಮೂರು ಬಡಿತ ಬಂದರೆ ಆ ಜೀವಕ್ಕೆ ಮುಂದಿನ ಜನ್ಮ ಸಿಕ್ಕಿತು, ಮತ್ತೆ ಬಾರದು.

ಎಲ್ಲರೂ ಮೇಲೆ ಕೈ ನೋಡುತ್ತಿದ್ದರು. ಕೆಳಗೆ ಕಾಲು ನೋಡುತ್ತಿದ್ದವನು ನಾನೊಬ್ಬನೇ. ಬಿಂದೂರಾಯರ ಧೋತರದ ಅಂಚಿನಿಂದ ಹಳದಿ ಉಗುರಿನ ಒಂದು ಹೆಬ್ಬೆರಳು ಹಾವಿನ ಹೆಡೆಯಂತೆ ಹೊರಬಂತು. ಪಕ್ಕದ ಬೆರಳಿನ ಜೊತೆ ಸೇರಿ ತಿಪಾಯಿಯ ಕಾಲನ್ನು ಇಕ್ಕಳದಂತೆ ಹಿಡಿಯಿತು, ಎತ್ತಿತು, ಬಿಟ್ಟಿತು. ಟಕ್.

“ಶ್ರೀಪಾದಾ,” ಎಂದಳು ಅಂಬಕ್ಕ. “ಬಂದೇನಪಾ?”

ಟಕ್.

“ಅಲ್ಲೆ ಹೊಟ್ಟಿಗೆ ಏನರೆ ಕೊಡ್ತಾರೇನಪಾ?”

ಟಕ್, ಟಕ್.

ಅಂದಿನಿಂದ ಮಗನ ಹೆಸರಿನಲ್ಲಿ ಎಲೆ ಬೀಳತೊಡಗಿತು. ಸತ್ತ ಮಗನಿಗೆ ಏನು ಬೇಕೆಂದು ತಾಯಿ ಒಂದೊಂದಾಗಿ ಕೇಳುವಳು: ಹೋಳಿಗಿ? ಟಕ್. ಚಕ್ಕಲಿ? ಟಕ್ ಟಕ್, ಏಕೆಂದರೆ ಬಿಂದೂರಾಯರಿಗೆ ಹಲ್ಲಿರಲಿಲ್ಲ. ಆಮೇಲೆ ಪ್ರಸಾದವೆಂದು ಅವರೇ ಉಣ್ಣುವರು. ಆ ಹೋಳಿಗೆಯ ತುಪ್ಪದಲ್ಲಿ ಉಣಕಲ್ಲ ಕೆರೆ ತುಂಬಬಹುದಿತ್ತು.

ತಿಂಗಳೊಪ್ಪತ್ತು ಹೀಗೆ ಮೇಯಿಸಿ ಪಳಗಿಸಿದ ಮೇಲೆ, ಒಂದು ಗುರುವಾರ ಅವರು ಮೆಲ್ಲಗೆ ಅಂದರು: “ಕುಮುದಿನಿ ಮದುವಿ ಮಾತು ಅವಗೊಮ್ಮೆ ಕೇಳಿದ್ರ ಛಲೋ ಅಲ್ಲೇನ? ಅಂವ ಗಂಡ.”

ಅಂಬಕ್ಕ ಕೇಳಿದಳು. ಅವಳ ದನಿಯಲ್ಲಿ ಮಗ ಒಪ್ಪುವನೆಂಬ ಧೈರ್ಯವಿತ್ತು. ಹೆಬ್ಬೆರಳು ಸ್ವಲ್ಪ ಹೊತ್ತು ಸುಮ್ಮನಿತ್ತು. ಆ ಮುದುಕನಿಗೆ ನಾಟಕ ಕಂಪನಿಯಲ್ಲಿ ಕೆಲಸ ಸಿಗಬೇಕಿತ್ತು. ಆಮೇಲೆ ಟಕ್. ಆಮೇಲೆ, ಒಂದು ಉಸಿರು ಬಿಟ್ಟು, ಟಕ್.

ಮರುದಿನ ಹಸಿರು ಬಳೆಯ ಡಬ್ಬಿ ಕಪಾಟಿನೊಳಗೆ ಹೋಯಿತು. ಅಂಬಕ್ಕ ತೀರ ಬೇರೆ ಹೆಂಗಸಾದಳು. ಸೊಸೆ ಪಕ್ಕದ ಮನೆಯವಳ ಜೊತೆ ನಕ್ಕರೆ, “ಅಂವಾ ಅಲ್ಲೆ ಹಸದ ನಿಂತು ನೋಡ್ಲಿಕ್ಕತ್ತಾನ, ಇಕಿ ಇಲ್ಲೆ ಹಲ್ಲ ಕಿಸೀತಾಳ,” ಎನ್ನುವಳು. ಮುಂದಿನ ಗುರುವಾರ ಶಾಲೆಯ ನೌಕರಿ ಬಿಡಬೇಕೇ ಎಂದು ಕೇಳಿದರು. ಟಕ್. ದತ್ತು ಮಾಸ್ತರ ಬಾಗಿಲಿಗೆ ಬಂದರೆ ಒಳಗೆ ಕರೆಯಬಹುದೇ? ಟಕ್ ಟಕ್. ಸತ್ತವನಿಗೆ ಬದುಕಿದ್ದಾಗ ಇರದಿದ್ದ ಅಭಿಪ್ರಾಯಗಳು ಹುಟ್ಟುತ್ತಲೇ ಹೋದವು.

ನನ್ನ ಧೂಳು ಒರೆಸಿ ಕುಂಕುಮ ಹಚ್ಚುವುದು ಕುಮುದಿನಿಯ ಪಾಲಿನ ಕೆಲಸ. ಶಾಲೆ ಬಿಟ್ಟವಳಿಗೆ ಮಧ್ಯಾಹ್ನ ಉದ್ದವಾಗಿತ್ತು. ಅತ್ತೆ ಮಲಗಿದ್ದಾಗ ಅವಳು ನನ್ನನ್ನು ತೊಡೆಯ ಮೇಲೆ ಇಟ್ಟುಕೊಂಡು ಓದಿದಳು. ಅವಳದು ಎಳೆಯ ಕಣ್ಣು, ಭೂತಗನ್ನಡಿ ಬೇಕಿರಲಿಲ್ಲ. ಮೇಜು ಬಡಿಯುವ ಅಧ್ಯಾಯದ ಬುಡದಲ್ಲಿ ಅವಳ ಬೆರಳು ನಿಂತಿತು. ಅಡಕೊತ್ತಿನ ಗೀರು, ನಶ್ಯದ ಕಲೆ ಎರಡೂ ಆ ಪುಟದಲ್ಲೇ ಇದ್ದವು. ಅವಳು ಅಳಲಿಲ್ಲ. ತನ್ನ ಪಾದ ಮುಂದೆ ಚಾಚಿ ನೋಡಿಕೊಂಡಳು.

ಅಂದು ಸಂಜೆ ಮಾವನಿಗೆ ಬಡಿಸುತ್ತ ಮೆಲ್ಲಗೆ ಹೇಳಿದಳು: “ಮಾವಾರ, ಪುಸ್ತಕದಾಗಿನ ಸಣ್ಣ ಅಕ್ಷರ ಓದಿದೆ.”

ಬಿಂದೂರಾಯರು ಭಕ್ಕರಿ ಮುರಿಯುವುದನ್ನು ನಿಲ್ಲಿಸಲಿಲ್ಲ. “ಶ್ಯಾಣ್ಯಾಕಿ. ಹೋಗಿ ನಿಮ್ಮ ಅತ್ತಿಗೆ ಹೇಳು. ಅಕಿ ಮಗನ್ನ ಇನ್ನೊಮ್ಮೆ ಸಾಯಿಸೂ ಧೈರ್ಯ ಇತ್ತಂದ್ರ ಹೇಳು. ಪಲ್ಯಾ ಹಾಕು.”

ಅವಳು ಪಲ್ಯ ಹಾಕಿದಳು. ಅತ್ತೆಗೆ ಹೇಳಲಿಲ್ಲ. ಹೇಳಲು ಎರಡು ಸಲ ಅಡುಗೆಮನೆಯ ಹೊಸ್ತಿಲವರೆಗೆ ಹೋದದ್ದನ್ನು ನಾನು ಕಂಡಿದ್ದೇನೆ. ಒಳಗೆ ಅಂಬಕ್ಕ ಹೂರಣ ರುಬ್ಬುತ್ತ, ಇಲ್ಲದ ಮಗನ ಜೊತೆ ಏಲಕ್ಕಿ ಹೆಚ್ಚಾಯಿತೇ ಎಂದು ಮಾತಾಡುತ್ತಿದ್ದಳು. ಕುಮುದಿನಿ ಮರಳಿ ಬಂದು, ತಿಪಾಯಿಯ ಎದುರು ಕುರ್ಚಿ ಎಳೆದುಕೊಂಡು ಕೂತಳು. ಮಧ್ಯಾಹ್ನಗಳೆಲ್ಲ ಅವಳ ಅಭ್ಯಾಸ ನಡೆಯಿತು. ಗಂಡ ಸತ್ತ ದಿನ ಕಾಲುಂಗುರ ತೆಗೆದಿದ್ದರು; ಬೆರಳಿನಲ್ಲಿ ಬಿಳಿ ಗೆರೆ ಮಾತ್ರ ಇತ್ತು. ಉಂಗುರವಿದ್ದ ಕಾಲು ಕಟ್ಟಿಗೆಗೆ ತಾಗಿದರೆ ಕಿಣಿ ಎನ್ನುತ್ತದೆ. ಇದು ಎನ್ನಲಿಲ್ಲ. ಈ ಕೆಲಸಕ್ಕೆ ವಿಧವೆಯ ಬೆರಳಿನಷ್ಟು ಸದ್ದಿಲ್ಲದ ಹತ್ಯಾರ ಇನ್ನೊಂದಿಲ್ಲ, ಇದು ನನ್ನ ಅಡಿಟಿಪ್ಪಣಿಗಳಲ್ಲಿಯೂ ಇಲ್ಲದ ಸಂಗತಿ.

ಗುರುವಾರ ಬಂತು. ಕೈಯೂರಿದರು. ಅಂಬಕ್ಕ ಕರೆದಳು, ಶ್ರೀಪಾದ ಬಂದ. ಆಗ ಕುಮುದಿನಿ, “ಅತ್ಯಾರ, ಇವತ್ತ ನಾ ಒಂದು ಕೇಳ್ತೀನಿ,” ಎಂದಳು.

“ಕೇಳು. ನಿನ್ನ ಗಂಡ ಅಲ್ಲೇನು.”

ಅವಳು ತಿಪಾಯಿಯನ್ನು ನೋಡುತ್ತ ಕೇಳಿದಳು. “ನನ್ನ ಬಿಟ್ಟುಕೊಡ್ತೀರೇನು?”

ಸೀರೆಯ ಅಂಚಿನಿಂದ ಅವಳ ಬೆರಳು ಬಂತು. ಟಕ್.

ಬಿಂದೂರಾಯರ ಮುಖದ ಬಣ್ಣ ನನಗೆ ಕಾಣಲಿಲ್ಲ. ಕಾಲಿನ ಬಣ್ಣ ಕಂಡಿತು, ಸುಣ್ಣದಂತಾಯಿತು. ಆದರೂ ಅವರು ಶಿರಸ್ತೇದಾರರು. ಒಂದಾದರೆ ಎರಡು ಮಾಡುವುದೇನು ಕಷ್ಟ. ಹಳದಿ ಉಗುರು ಧಾವಿಸಿ ಬಂತು. ಟಕ್.

ಅಂಬಕ್ಕ ಬಾಯಿ ತೆರೆದಳು. ಇಲ್ಲ ಅಂದನೆಂದು ಹೇಳಲು.

ಕುರುಕ್ಷೇತ್ರವೆಲ್ಲ ಈ ತಿಪಾಯಿಯ ಕೆಳಗೆ ಹಿಡಿಸಿತ್ತು. ಎರಡು ಬೆರಳುಗಳು ಒಂದೇ ಕಾಲನ್ನು ಹಿಡಿದವು. ಮುದುಕನ ಬೆರಳು ಕಾಲನ್ನು ನೆಲಕ್ಕೆ ಒತ್ತಿತು. ಇನ್ನೊಂದು ಬಡಿತ ಬಾರದ ಹಾಗೆ ತನ್ನ ಜೀವಮಾನದ ಸಿಟ್ಟನ್ನೆಲ್ಲ ಒತ್ತಿತು. ಅವಳು ಎಳೆಯಲಿಲ್ಲ. ಅವಳ ಉಗುರು ಅವರ ಹೆಬ್ಬೆರಳಿನ ಮೇಲೆ ಬಂದು ಚರ್ಮದಲ್ಲಿ ಇಳಿಯಿತು, ರಕ್ತ ಬರುವವರೆಗೆ ಇಳಿಯಿತು. ಅವರಿಗೆ ಅಯ್ಯೋ ಅನ್ನುವ ಹಾಗಿರಲಿಲ್ಲ. ಹಿಡಿತ ಬಿಟ್ಟರು.

ಟಕ್.

ಪೋಸ್ಟಮಾಸ್ತರ ರಾಘಪ್ಪ, ಇವನಿಗೆ ಏನೂ ಗೊತ್ತಿಲ್ಲ, ಪಾಪ, “ಮೂರು,” ಎಂದ.

“ಹ್ವಾದೇನಪಾ?” ಎಂದಳು ಅಂಬಕ್ಕ. “ಹೇಳಿ ಹೋಗಬಾರದೇನಪಾ?”

ಬಿಂದೂರಾಯರು ಸಾವರಿಸಿಕೊಂಡು, ಸೋರುವ ಹೆಬ್ಬೆರಳಿನಿಂದಲೇ ಮತ್ತೊಮ್ಮೆ ಬಡಿದರು. ಅಂಬಕ್ಕ ಬೆಂಕಿ ತಾಗಿದವಳಂತೆ ಕೈ ಎಳೆದುಕೊಂಡಳು. “ಇದು ನನ್ನ ಮಗ ಅಲ್ಲ. ಅಂವಾ ಹೋದ. ಇದು ಖಾಲಿ ಮನಿ ಹೊಕ್ಕ ಯಾವದೋ ಪಿಶಾಚಿ.” ಅಲ್ಲಿಗೆ ಶಿರಸ್ತೇದಾರರ ಪರಲೋಕದ ನೌಕರಿ ಮುಗಿಯಿತು. ಪಿಂಚಣಿಯಿಲ್ಲ.

ಒಂಬತ್ತು ದಿನ ಅಂಬಕ್ಕ ಗೋಡೆಗೆ ಮುಖ ಮಾಡಿ ಮಲಗಿದಳು. ಕುಮುದಿನಿ ಚಮಚದಿಂದ ಗಂಜಿ ಕುಡಿಸಿದಳು. ಕುಡಿಸುವಾಗ ಅತ್ತೆಯ ಕಣ್ಣು ತಪ್ಪಿಸುತ್ತಿದ್ದಳು. ಹತ್ತನೆಯ ದಿನ ಮುದುಕಿ ಎದ್ದು ಹಸಿರು ಬಳೆಯ ಡಬ್ಬಿ ತಂದು ಸೊಸೆಯ ಮಡಿಲಿಗೆ ಎಸೆದಳು. “ಅಂವಾ ಇಲ್ಲದ ಮ್ಯಾಲೆ ನೀ ಯಾರ ಹೆಂಡ್ತಿ. ಹೋಗು.” ರಿಜಿಸ್ಟ್ರಾರ ಕಚೇರಿಯಲ್ಲಿ ಮದುವೆಯಾಯಿತು. ನಾನು ಗೆದ್ದೆ ಎಂದು ಧೂಳು ಕೊಡವಿಕೊಂಡೆ. ಒಬ್ಬ ಹೆಣ್ಣನ್ನು ಪಂಜರದಿಂದ ಬಿಡಿಸಿದ ಗ್ರಂಥ ಭರತಖಂಡದಲ್ಲಿ ನನ್ನನ್ನು ಬಿಟ್ಟು ಯಾವುದಿದೆ, ತೋರಿಸಿ.

ಆದರೆ ಅಂಬಕ್ಕ ನನ್ನ ದೊಡ್ಡ ಅಕ್ಷರಗಳನ್ನು ಮರೆತಿರಲಿಲ್ಲ. ಮಗನಿಗೆ ಮುಂದಿನ ಜನ್ಮ ಸಿಕ್ಕಿದೆ. ಸಿಕ್ಕಿದ್ದರೆ ಎಲ್ಲೋ ಇರಬೇಕಲ್ಲ. ಓಣಿಯಲ್ಲಿ ಕೂಸು ಹುಟ್ಟಿದ ಮನೆಗೆಲ್ಲ ಹೋದಳು. ಬಾಣಂತಿಯರ ಕೈಯಿಂದ ಕೂಸು ಕಸಿದು ಕಿವಿಯ ಹಿಂದೆ ಶ್ರೀಪಾದನಿಗಿದ್ದಂಥ ಮಚ್ಚೆ ಹುಡುಕಿದಳು. ಜನ ಅವಳನ್ನು ಕಂಡರೆ ಬಾಗಿಲು ಹಾಕತೊಡಗಿದರು. ವರ್ಷ ಕಳೆಯಿತು. ಕುಮುದಿನಿಗೆ ಗಂಡು ಕೂಸು ಹುಟ್ಟಿದ ಸುದ್ದಿ ಬಂದಾಗ ಮುದುಕಿ ಹುಡುಕುವುದನ್ನು ನಿಲ್ಲಿಸಿದಳು.

ಕೂಸಿಗೆ ಕೂರಲು ಬರುವವರೆಗೆ ಕಾದು, ನನ್ನನ್ನು ಸೆರಗಿನಲ್ಲಿ ಸುತ್ತಿಕೊಂಡು, ಗಂಡನನ್ನೂ ಕರೆದುಕೊಂಡು ಹೋದಳು. ಕುಮುದಿನಿ ಅತ್ತೆಯ ಕಾಲಿಗೆ ಬಿದ್ದಳು. ಅವಳ ಕಾಲಲ್ಲಿ ಹೊಸ ಉಂಗುರಗಳಿದ್ದವು. ಅಂಬಕ್ಕ ಅವಳತ್ತ ನೋಡಲೇ ಇಲ್ಲ, ತೊಟ್ಟಿಲಿನತ್ತ ಹೋದಳು.

“ಶ್ರೀಪಾದಾ,” ಎಂದಳು.

“ಅವನ ಹೆಸರು ಮುಕುಂದ, ಅತ್ಯಾರ.”

“ನಿಮಗ ಮುಕುಂದ ಇರಲಿ. ಅಂವಾ ಯಾಕ ಹೋದ ಅಂತ ನನಗ ಈಗ ತಿಳೀತು. ನಿನ್ನ ಹೊಟ್ಟೀಲೆ ಬರಬೇಕಂತನ ನಿನ್ನ ಬಿಟ್ಟ.” ಪುಟ ತೆರೆದು ಬೆರಳಿಟ್ಟು ತೋರಿಸಿದಳು. “ಇಲ್ಲೆ ಬರದದ. ದಿನಾ ಮುಂಜಾನೆ ಬಂದು ಒಯ್ತೀನಿ, ಸಂಜೀಕ ತಂದ ಬಿಡ್ತೀನಿ. ನನ್ನ ಕೂಸು.”

ಮಗನ ಮೇಲೆ ಸತ್ತ ಗಂಡನ ಹೆಸರು ಬೀಳುತ್ತಿತ್ತು. ಆಗ ಅವಳು ಅಂದು ಮಾಡದೆ ಬಿಟ್ಟದ್ದನ್ನು ಮಾಡಿದಳು. ನನ್ನನ್ನು ಎಳೆದುಕೊಂಡು ಅದೇ ಪುಟದ ಬುಡದ ಸಾಲುಗಳನ್ನು ಗಟ್ಟಿಯಾಗಿ ಓದಿದಳು: ಕಾಲ್ಬೆರಳು, ಹಗುರ ಮೇಜು, ಉದ್ದನೆಯ ಉಡುಪು, ಎಲ್ಲವನ್ನೂ. “ಶ್ರೀಪಾದ ಒಮ್ಮೆನೂ ಬಂದಿದ್ದಿಲ್ಲ, ಅತ್ಯಾರ. ಮೊದಲ ಮಾವಾರು ಬಡದ್ರು. ಕಡೀ ಸಲ ನಾ ಬಡದೆ.”

ಅಂಬಕ್ಕ ಪೂರ್ತಿ ಕೇಳಿದಳು. ಆಮೇಲೆ ನಿಧಾನವಾಗಿ ಅಂದಳು: “ಅದನ್ನ ಅಷ್ಟ ಸಣ್ಣ ಅಕ್ಷರದಾಗ ಯಾಕ ಹಾಕ್ಯಾರ? ಖರೆ ಇದ್ದಿದ್ರ ದೊಡ್ಡ ಅಕ್ಷರದಾಗ ಹಾಕ್ತಿದ್ದಿಲ್ಲೇನು?”

ಕುಮುದಿನಿ ನನ್ನನ್ನು ಮುಚ್ಚಿ ಮಾವನತ್ತ ತಿರುಗಿದಳು.

“ಮಾವಾರ, ನೀವರೆ ಹೇಳ್ರಿ,” ಎಂದಳು ಕುಮುದಿನಿ.

ಬಿಂದೂರಾಯರು ತಮ್ಮ ಹೆಬ್ಬೆರಳಿನ ಗಾಯದ ಗುರುತನ್ನು ಧೋತರದೊಳಗೆ ಎಳೆದುಕೊಂಡರು. “ನನಗ ಸಣ್ಣ ಅಕ್ಷರ ಕಾಣಸೂದಿಲ್ಲವಾ,” ಎಂದರು.

ಅಂಬಕ್ಕ ತೊಟ್ಟಿಲಿಗೆ ಬಾಗಿದಳು. ಕೂಸಿನ ಕೈಯಲ್ಲಿ ಕಟ್ಟಿಗೆಯ ಗಿಲಕಿ ಇತ್ತು. “ನೀ ನನ್ನ ಶ್ರೀಪಾದ ಹೌದಲ್ಲೋ?”

ಕೂಸು ನಕ್ಕು, ಗಿಲಕಿಯನ್ನು ತೊಟ್ಟಿಲಿನ ಪಟ್ಟಿಗೆ ಬಡಿಯಿತು. ಒಂದು ಸಲ. ಕುಮುದಿನಿ ಕಾದಳು. ಯಾವ ದೇವರನ್ನೂ ಕೇಳದ ನಾನೂ ಇನ್ನೊಂದು ಬಡಿತಕ್ಕಾಗಿ ಕೇಳಿಕೊಂಡೆ. ಗಿಲಕಿ ಕೈಜಾರಿ ಹಾಸಿಗೆಯ ಮೇಲೆ ಬಿತ್ತು.

ದತ್ತು ಮಾಸ್ತರ ಕಾರವಾರಕ್ಕೆ ವರ್ಗ ಕೇಳಿಕೊಂಡ. ಹೇಳದೆ ಹೋದರು. ಮುಂಜಾನೆ ಕೂಸನ್ನು ಒಯ್ಯಲು ಹೋದ ಅಂಬಕ್ಕ ಬಾಗಿಲಿನ ಕೀಲಿ ನೋಡಿ ಬಂದಳು. ಆ ಹೊತ್ತಿನಿಂದ ಕೂಸನ್ನು ಅವಳು ಶ್ರೀಪಾದ ಎನ್ನಲಿಲ್ಲ. ಒಬ್ಬನೇ ಮಗನನ್ನು ಮೂರು ಸಲ ಕಳೆದುಕೊಂಡ ತಾಯಿಯನ್ನು ನನ್ನ ಇತಿಹಾಸದ ಯಾವ ದೇಶದಲ್ಲಿಯೂ ಹುಡುಕಿ, ಸಿಗಲಾರಳು. ಇದನ್ನು ಮಾತ್ರ ನಾನು ಉಬ್ಬಿಸಿ ಹೇಳುತ್ತಿಲ್ಲ.

ಆ ಸಂಜೆ ಅವಳು ಅಡ್ಡಗೋಡೆಗೆ ಸರಿಸಿಟ್ಟಿದ್ದ ತಿಪಾಯಿಯನ್ನು ತಾನೇ ಎಳೆದು ನಡುಮನೆಗೆ ತಂದಳು. ನನ್ನನ್ನು ಕೆಳಹಲಗೆಯ ಮೇಲಿಟ್ಟಳು. ಕುಂಕುಮ ಹಚ್ಚಲಿಲ್ಲ. ಎರಡೂ ಅಂಗೈ ಊರಿ ಕೂತಳು. ಬಿಂದೂರಾಯರು ಬಂದು ಎದುರು ಕೂತರು, ಅವರೂ ಕೈಯಿಟ್ಟರು. ಮುದುಕನ ಕೈ ಸೊರಗಿತ್ತು. ಮನೆಯಲ್ಲಿ ಬಿಸಿ ಭಕ್ಕರಿ ಕಂಡು ಎಷ್ಟೋ ದಿನವಾಗಿತ್ತು.

“ಶ್ರೀಪಾದಾ,” ಎಂದಳು ಅಂಬಕ್ಕ. “ಕೂಸಿನ್ನ ತಿರುಗಿ ನೋಡ್ತೀನೇನಪಾ?”

ಧೋತರದ ಅಂಚು ಅಲುಗಿತು. ಹೆಬ್ಬೆರಳು ಹೊರಬಂತು. ಈ ಸಲ ಅದು ಹೆಡೆಯಂತಿರಲಿಲ್ಲ, ಮುದಿ ನಾಯಿಯ ಮೂತಿಯಂತಿತ್ತು. ಆ ಮನುಷ್ಯನಲ್ಲಿ ಕರುಣೆ ಹುಟ್ಟಿದ್ದನ್ನು ನಾನು ಕಂಡದ್ದು ಅದೊಂದೇ ಸಲ, ಅದೂ ಕಾಲ್ಬೆರಳಿನಲ್ಲಿ. ತಿಪಾಯಿಯ ಕಾಲನ್ನು ಹಿಡಿಯಿತು, ಎತ್ತಿತು, ಮೆತ್ತಗೆ ಬಿಟ್ಟಿತು. ಟಕ್.

“ಕಾಲ ತಗೀರಿ,” ಎಂದಳು ಅಂಬಕ್ಕ.

ದನಿ ಏರಲಿಲ್ಲ. ಕಣ್ಣೂ ತೆರೆಯಲಿಲ್ಲ. ಬಿಂದೂರಾಯರು ಕಾಲು ತೆಗೆದರು. ಸ್ವಲ್ಪ ಹೊತ್ತಿನ ಮೇಲೆ ಎದ್ದು ಹೊರಗಿನ ಕಟ್ಟೆಗೆ ಹೋದರು. ಅಂಬಕ್ಕ ಕೈ ತೆಗೆಯಲಿಲ್ಲ.

ಅವರಿಬ್ಬರೂ ಹೋಗಿ ಬಹಳ ಕಾಲವಾಯಿತು. ನಾನೀಗ ಒಂದು ವಾಚನಾಲಯದ ಕಟ್ಟಕಡೆಯ ಅರೆಯಲ್ಲಿ, ಪಂಚಾಂಗಗಳ ಪಕ್ಕದಲ್ಲಿ, ಬೆಳ್ಳಿಹುಳುಗಳಿಗೆ ದಿನಕ್ಕೊಂದು ಸಾಮ್ರಾಜ್ಯ ದಾನ ಮಾಡುತ್ತ ಬಿದ್ದಿದ್ದೇನೆ. ಎಷ್ಟೋ ದೇಶಗಳ ಬೈಠಕ್ಕುಗಳು ನನ್ನೊಳಗಿವೆ, ಒಂದೊಂದರಲ್ಲೂ ಯಾವುದಾದರೂ ಒಂದು ಬೆರಳು, ಒಂದು ಮೊಣಕಾಲು, ಒಂದು ದಾರ. ಯಾರೂ ಯಾರನ್ನೂ ವಂಚಿಸದೆ ಕೂತ ಬೈಠಕ್ಕು ನಾನು ಕಂಡದ್ದು ಆ ಸಂಜೆಯದೊಂದೇ. ದೀಪದ ಎಣ್ಣೆ ತೀರುವವರೆಗೆ ಅವಳು ಕೈಯೂರಿ ಕೂತಿದ್ದಳು. ತಿಪಾಯಿ ಅಲುಗಲಿಲ್ಲ.